ಅಡಿಕೆ ಅಂಗಳದಲ್ಲಿ ಎರಡು ಆಕಾಶ

ಜನವರಿಯ ಎರಡು ಶನಿವಾರ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಂಗಳದ ಅಡಿಕೆಯನ್ನು ಸಂಜೆಗೇ ಬಾಚಿ ರಾಶಿ ಹಾಕಿ, ಟಾರ್ಪಾಲು ಹೊದಿಸಿ, ಜಾಗ ಬಿಡಿಸಿಕೊಂಡೆವು. ಅಪ್ಪನ ಎರಡು ಬಿಳಿ ಪಂಚೆಗಳನ್ನು ಜೋಡಿಸಿ ಹೊಲಿದು ಎರಡು ಮರಗಳ ನಡುವೆ ಬಿಗಿದು ಕಟ್ಟಿದೆವು. ಪ್ರೊಜೆಕ್ಟರ್ ಬಾಡಿಗೆಯದು, ಸ್ಪೀಕರ್ ಭಜನಾ ಮಂದಿರದ್ದು. ಮೊದಲ ವಾರ ಒಂದು ಸಿನಿಮಾ, ಮರುವಾರ ಇನ್ನೊಂದು; ನೋಡುವವರು ಮಾತ್ರ ಅವರೇ.

ಇದಕ್ಕೆಲ್ಲ ಕಾರಣ ಒಂದು ಹಳೆಯ ವಾದ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುವವಳು. ಅಕ್ಕನ ಮಗ ಪ್ಲಸ್ ಟು ವಿದ್ಯಾರ್ಥಿ. ಕ್ರಿಸ್ಟೋಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲರ್’ಗಿಂತ ಮಿಗಿಲಾದ ಬಾಹ್ಯಾಕಾಶದ ಸಿನಿಮಾ ಇಲ್ಲ ಎನ್ನುವುದು ಅವನ ಪಕ್ಷ. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಅದಕ್ಕಿಂತ ಎತ್ತರದ್ದು ಎನ್ನುವುದು ನನ್ನದು. “ನೀವು ಹೇಳುವ ಸಿನಿಮಾವನ್ನು ಈ ಊರಿನಲ್ಲಿ ಯಾರೂ ಅರ್ಧ ಗಂಟೆ ಕೂತು ನೋಡಲಾರರು, ಚಿಕ್ಕಮ್ಮ” ಎಂದು ಅವನು ಹೇಳಿದ ದಿನವೇ ಪಂಚೆ ಹೊಲಿಯುವ ಯೋಚನೆ ಹುಟ್ಟಿತು.

ಅಂಗಳಕ್ಕೆ ಬಂದವರು ಹನ್ನೆರಡು ಮಂದಿ. ಅಮ್ಮ, ವೇಷವಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ (ಪಾತ್ರದ ಮಾತು) ಹೇಳಿದ ದೊಡ್ಡಪ್ಪ, ನಾವೆಲ್ಲ ಉಮ್ಮ ಎಂದೇ ಕರೆಯುವ, ಮಲಯಾಳ ಮಾತನಾಡುವ ನೆರೆಮನೆಯ ಹಿರಿಯರು, ನಮ್ಮ ತೋಟದ ಅಡಿಕೆ ಕೊಯ್ಯುವ ತುಳು ಮಾತಿನ ಅಣ್ಣ, ಆಚೆಮನೆಯ ಮಕ್ಕಳು. ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಮ್ಮ ಅಂಗಳದಲ್ಲಿ ಆ ಏಳರಲ್ಲಿ ನಾಲ್ಕು ಇದ್ದವು. ಎರಡೂ ಸಿನಿಮಾಗಳು ಇಂಗ್ಲಿಷಿನವು, ಕೆಳಗೆ ಬರುವ ಅಕ್ಷರಗಳೂ ಇಂಗ್ಲಿಷಿನವು. ಅವನ್ನು ಸರಾಗವಾಗಿ ಓದಬಲ್ಲವರು ನಾನು, ಅಕ್ಕನ ಮಗ ಮತ್ತು ದೊಡ್ಡ ಹುಡುಗಿಯರಿಬ್ಬರು ಮಾತ್ರ. ಈ ಸಂಗತಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಾನು ಮೊದಲು ಅಂದಾಜು ಮಾಡಿರಲಿಲ್ಲ.

ಅದಕ್ಕೂ ಮೊದಲು ಈ ಎರಡನ್ನೂ ನಾನು ಬೇರೆ ಬೇರೆ ಕಡೆ ನೋಡಿದ್ದೆ. ‘2001’ ಮೊದಲು ಕಂಡದ್ದು ಮಂಗಳೂರಿಗೆ ಹೋಗುವ ರೈಲಿನಲ್ಲಿ, ಮೊಬೈಲಿನಲ್ಲಿ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಬಾಹ್ಯಾಕಾಶದ ಕಪ್ಪಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಹಾಗೆ ನೋಡಬೇಡಿ, ಅಷ್ಟೇ. ‘ಇಂಟರ್‌ಸ್ಟೆಲ್ಲರ್’ ಅನ್ನು 2014ರಲ್ಲಿ ಬಿಡುಗಡೆಯಾದಾಗಲೇ ಮಂಗಳೂರಿನ ಚಿತ್ರಮಂದಿರದಲ್ಲಿ ನೋಡಿದ್ದೆ. ಹಾನ್ಸ್ ಜಿಮ್ಮರ್ ಅವರ ಸಂಗೀತದ ಆರ್ಗನ್ ನಾದಕ್ಕೆ ಆಸನ ನಡುಗುತ್ತಿತ್ತು. ಮುಖ್ಯವಾದ ಕೆಲವು ಮಾತುಗಳು ಅದರಡಿಯಲ್ಲಿ ಮುಳುಗಿ ಹೋದವು. ಆದರೂ ಕಪ್ಪುಕುಳಿ ಪರದೆ ತುಂಬಿ ನಿಂತಾಗ ಉಸಿರು ಕಟ್ಟಿತು. ಚಿತ್ರಮಂದಿರದಲ್ಲಿ ಆ ಸಿನಿಮಾಕ್ಕೆ ಎದುರಾಳಿ ಇಲ್ಲ ಎಂಬುದನ್ನು ಅಂದೇ ಒಪ್ಪಿದ್ದೇನೆ, ಈಗಲೂ ಒಪ್ಪುತ್ತೇನೆ.

ಪಂಚೆಯ ಪರದೆಯ ನ್ಯಾಯ ಬೇರೆ. ಬಟ್ಟೆಯ ಮೇಲೆ ಪ್ರೊಜೆಕ್ಟರಿಗೆ ಕಪ್ಪು ತೋರಿಸಲು ಬರುವುದಿಲ್ಲ, ಬೂದು ಮಾತ್ರ ಬರುತ್ತದೆ. ದೂರದ ಬೀದಿದೀಪ ಸಾಕು, ಕತ್ತಲಿನ ದೃಶ್ಯಗಳು ಬಣ್ಣಗೆಡಲು. ‘ಇಂಟರ್‌ಸ್ಟೆಲ್ಲರ್’ನ ಧೂಳಿನ ಊರು, ನೌಕೆಯೊಳಗಿನ ಮಬ್ಬು, ಕಪ್ಪುಕುಳಿಯ ಸುತ್ತಲಿನ ಗಾಢಾಂಧಕಾರ ಎಲ್ಲವೂ ಕತ್ತಲನ್ನೇ ನಂಬಿದವು; ಪಂಚೆಯ ಮೇಲೆ ಅವು ಒಗೆದ ಬಟ್ಟೆಯಂತೆ ಕಂಡವು. ‘2001’ರಲ್ಲಿ ಬಾಹ್ಯಾಕಾಶ ನಿಲ್ದಾಣದ ಬಿಳಿ ಗೋಡೆ, ಕೆಂಪು ಕುರ್ಚಿ, ಕೊನೆಯಲ್ಲಿ ನೆಲವೇ ಬೆಳಗುವ ಆ ಕೋಣೆ ಬಂದಾಗ ಅಂಗಳವೆಲ್ಲ ಬೆಳಕಾಗಿ, ಕೂತವರ ಮುಖಗಳು ಒಂದೊಂದಾಗಿ ಕಾಣತೊಡಗಿದವು. ಮುಖಗಳು ಕಂಡದ್ದರಿಂದಲೇ ಈ ಬರಹ ಸಾಧ್ಯವಾಗಿದೆ.

ಮೊದಲ ಶನಿವಾರ ‘2001’ ಆರಂಭವಾಯಿತು, ಅಂದರೆ ಏನೂ ಆರಂಭವಾಗಲಿಲ್ಲ. ಈ ಸಿನಿಮಾದ ಆರಂಭದಲ್ಲಿ ಸುಮಾರು ಮೂರು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ, ಸಂಗೀತ ಮಾತ್ರ ಕೇಳುತ್ತದೆ. ಪ್ರೊಜೆಕ್ಟರ್ ಕೆಟ್ಟಿತೆಂದು ಮಕ್ಕಳು ಎದ್ದರು. “ಕೂತುಕೊಳ್ಳಿ, ಇನ್ನೂ ಕೇಳಿ ಬಾರಿಸುತ್ತಿದ್ದಾರೆ. ಚೌಕಿಯಿಂದ ವೇಷ ಹೊರಡಲು ಹೊತ್ತು ಬೇಡವೇ?” ಎಂದು ದೊಡ್ಡಪ್ಪ ಯಕ್ಷಗಾನದ ಮಾತಿನಲ್ಲೇ ಹೇಳಿದರು; ಕೇಳಿ ಎಂದರೆ ಆಟಕ್ಕೆ ಮೊದಲು ಬಾರಿಸುವ ಚೆಂಡೆ, ಚೌಕಿ ಎಂದರೆ ವೇಷ ಕಟ್ಟುವ ಜಾಗ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದ ಹಿರಿಯರಿಗೆ ಆ ಮೂರು ನಿಮಿಷ ತೊಂದರೆಯೇ ಅಲ್ಲ. ತಳಮಳಿಸಿದವರು ಹದಿನೇಳರ ಒಳಗಿನವರು. ಅಕ್ಕನ ಮಗನ ಲೆಕ್ಕಾಚಾರ ಮೊದಲು ತಪ್ಪಿದ್ದು ಅಲ್ಲಿ.

ಈ ಸಿನಿಮಾದಲ್ಲಿ ಮೊದಲ ಮಾತು ಬರಲು ಸುಮಾರು 25 ನಿಮಿಷ ಬೇಕು. ಅದುವರೆಗೆ ಇರುವುದು ಆದಿಯ ವಾನರರು. ಮಕ್ಕಳು ನಕ್ಕರು. ಕೊಯ್ಲಿನ ಅಣ್ಣ ನಗಲಿಲ್ಲ. ಒಂದು ವಾನರ ಎಲುಬಿನ ತುಂಡನ್ನು ಎತ್ತಿ ನೆಲಕ್ಕೆ ಬಡಿದು, ಅದರ ಬಲವನ್ನು ಕೈಯಲ್ಲೇ ಕಂಡುಕೊಂಡಾಗ ಆತ ಮುಂದಕ್ಕೆ ಬಾಗಿದರು. ಮೇಲೆ ಎಸೆದ ಎಲುಬು ಮರುಕ್ಷಣಕ್ಕೆ ಆಕಾಶದಲ್ಲಿ ತೇಲುವ ನೌಕೆಯಾದಾಗ, ಲಕ್ಷಾಂತರ ವರ್ಷಗಳ ಆ ಒಂದೇ ಜಿಗಿತವನ್ನು ನಾನು ವಿವರಿಸಲು ಬಾಯಿ ತೆರೆದಿದ್ದೆ. ಉಮ್ಮ ಕೈಸನ್ನೆಯಿಂದಲೇ ತಡೆದರು. ಅವರಿಗೆ ತಿಳಿದಿತ್ತು.

ಮುಂದಿನದು ನಾನು ಮರೆಯಲಾರದ ಗಳಿಗೆ. ಗಗನಯಾತ್ರಿ ನೌಕೆಯ ಹೊರಗೆ ಹೋದಾಗ ಕುಬ್ರಿಕ್ ಸಂಗೀತವನ್ನು ಸಂಪೂರ್ಣ ತೆಗೆದುಬಿಟ್ಟಿದ್ದಾರೆ. ಗಾಳಿಯಿಲ್ಲದಲ್ಲಿ ಶಬ್ದ ಹರಿಯುವುದಿಲ್ಲ. ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವ ಪಾಠ. ಕೇಳಿಸುವುದು ಮುಸುಕಿನೊಳಗಿನ ಅವನ ಉಸಿರು ಮಾತ್ರ. ಅಂಗಳದಲ್ಲಿ ಕೀಟಗಳ ದನಿ, ಪರದೆಯಲ್ಲಿ ಆ ಉಸಿರು. ಕೊಯ್ಲಿನ ಅಣ್ಣ ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು: “ಅಕ್ಕ, ಇದು ಸತ್ಯ. ಮರದ ತುದಿಯಲ್ಲಿ ಇನ್ನೊಂದು ಮರಕ್ಕೆ ಹಾರುವ ಮೊದಲು ನಮಗೂ ಕೇಳುವುದು ಇದೊಂದೇ.” ಅಡಿಕೆ ಮರವನ್ನು ಬಳುಕಿಸಿ ತುದಿಯಿಂದ ತುದಿಗೆ ದಾಟುವವರಿಗೆ ಎತ್ತರ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ವರ್ಷಗಳಿಂದ ಅವರು ನಮ್ಮ ತೋಟಕ್ಕೆ ಬರುತ್ತಿದ್ದಾರೆ. ಮರದ ಮೇಲೆ ಅವರಿಗೆ ಏನು ಕೇಳುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ನೌಕೆಯೊಳಗೆ ಚಕ್ರದ ಗೋಡೆಯುದ್ದಕ್ಕೂ ಒಬ್ಬ ಓಡುವ ದೃಶ್ಯವನ್ನು ಹೇಗೆ ತೆಗೆದರು ಎಂದೂ ಅವರೇ ಕೇಳಿದರು. ಇದು 1968ರ ಸಿನಿಮಾ, ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚಿನದು. ಕಂಪ್ಯೂಟರಿನಿಂದ ಚಿತ್ರ ಬರೆಯುವ ಕಾಲ ಇನ್ನೂ ಬಂದಿರಲಿಲ್ಲ. ಸುಮಾರು 30 ಟನ್ ತೂಕದ, 38 ಅಡಿ ಅಡ್ಡಳತೆಯ ನಿಜವಾದ ಚಕ್ರವನ್ನೇ ಕಟ್ಟಿ ತಿರುಗಿಸಿದ್ದರು. ನಟ ಇದ್ದಲ್ಲೇ ತಳದಲ್ಲಿ ಓಡುತ್ತಿದ್ದ, ಲೋಕ ಅವನ ಸುತ್ತ ಉರುಳುತ್ತಿತ್ತು. ತೇಲುವ ಪೆನ್ನನ್ನು ತೆಳು ಗಾಜಿನ ಹಲಗೆಗೆ ಅಂಟಿಸಿ ಗಾಜನ್ನೇ ತಿರುಗಿಸಿದ್ದರು. ಇದನ್ನು ತುಳುವಿನಲ್ಲಿ, ಮತ್ತೆ ಮಲಯಾಳದಲ್ಲಿ ಹೇಳಿದಾಗ ಅಂಗಳದ ಮೆಚ್ಚುಗೆ ಇಮ್ಮಡಿಯಾಯಿತು. ಕೈಯಿಂದ ಮಾಡಿದ್ದಕ್ಕೆ ನಮ್ಮೂರಿನವರು ಕೊಡುವ ಗೌರವವೇ ಬೇರೆ.

ಸಿನಿಮಾದಲ್ಲೇ ಮಧ್ಯಂತರ ಇದೆ. ಹಲಸಿನ ಹಪ್ಪಳ, ಚಹಾ. ದೊಡ್ಡಪ್ಪ ಆ ಹೊತ್ತಿಗೆ ನೌಕೆಯನ್ನು ನಡೆಸುವ, ಮಾತನಾಡುವ ಕಂಪ್ಯೂಟರ್ ಹ್ಯಾಲ್ ಎಂಬ ಯಂತ್ರದ ಪಕ್ಷ ವಹಿಸಿಯಾಗಿತ್ತು. ಮನುಷ್ಯರೆಲ್ಲ ವರದಿ ಓದುವವರಂತೆ ಮಾತನಾಡುತ್ತಾರೆ, ಅರ್ಥ ಹೇಳುವುದು ಯಂತ್ರ ಒಂದೇ ಎಂದರು. ಗಗನಯಾತ್ರಿ ಅದರ ನೆನಪುಗಳನ್ನು ಒಂದೊಂದಾಗಿ ಕಳಚುವಾಗ, ದನಿ ಇಳಿಯುತ್ತಾ ಇಳಿಯುತ್ತಾ ತನಗೆ ಕಲಿಸಿದ ಹಾಡನ್ನು ಹಾಡಿ ನಿಂತುಹೋದಾಗ, ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. “ಕರ್ಣಪರ್ವದಲ್ಲಿ ಕರ್ಣನನ್ನು ಕೂಗಿಸಿ ಕೊಲ್ಲುವವರೆಲ್ಲ ಇದನ್ನು ಕೇಳಬೇಕು” ಎಂದರು. ಆದರೆ ಅವರೇ ಕೊನೆಯ ಇಪ್ಪತ್ತಮೂರು ನಿಮಿಷವನ್ನು ಕ್ಷಮಿಸಲಿಲ್ಲ. ಬಣ್ಣದ ಬೆಳಕಿನ ಸುರಂಗ, ಮುದುಕ, ಶಿಶು, ಮಾತೇ ಇಲ್ಲ. “ಮಂಗಳ ಹಾಡದೆ ಭಾಗವತರು ಎದ್ದು ಹೋದ ಹಾಗಾಯಿತು” ಎಂದು ನೊಂದರು. ಅಮ್ಮನಿಗೆ ಬೆಳಕಿನ ಸುರಂಗದಿಂದ ತಲೆನೋವು ಬಂತು. ಇಬ್ಬರು ಮಕ್ಕಳು ನಿದ್ದೆ ಹೋಗಿದ್ದರು, ಒಬ್ಬ ಎದ್ದು ಮನೆಗೆ ಹೋಗಿದ್ದ. 1968ರ ಏಪ್ರಿಲ್‌ನ ಮೊದಲ ಪ್ರದರ್ಶನಗಳಲ್ಲೂ ಜನ ಎದ್ದು ಹೋಗಿದ್ದರು. ಆ ಬಳಿಕ ಕುಬ್ರಿಕ್ ಸುಮಾರು 19 ನಿಮಿಷ ಕತ್ತರಿಸಿದರು. ಉಮ್ಮ ಮಾತ್ರ ಕೊನೆಯ ಶಿಶುವನ್ನು ನೋಡಿ, ಮುದುಕರು ಸಾಯುವಾಗ ಮಗುವಿನಂತೆಯೇ ಆಗುತ್ತಾರೆ, ಇದರಲ್ಲಿ ತಿಳಿಯದೆ ಇರುವುದಕ್ಕೆ ಏನಿದೆ ಎಂದು ಕೇಳಿದರು.

ಮರುವಾರ ‘ಇಂಟರ್‌ಸ್ಟೆಲ್ಲರ್’. 169 ನಿಮಿಷ, ಅದರ ತುಂಬ ಮಾತು. ಮೊದಲ ಅರ್ಧ ಗಂಟೆಯಲ್ಲೇ ಅಂಗಳ ಮೂರು ಪಾಲಾಯಿತು. ನಾನು ಕನ್ನಡದಲ್ಲಿ ಒಂದು ಮೂಲೆಗೆ, ಅಕ್ಕನ ಮಗ ತುಳುವಿನಲ್ಲಿ ಇನ್ನೊಂದು ಮೂಲೆಗೆ, ದೊಡ್ಡ ಹುಡುಗಿ ಮಲಯಾಳದಲ್ಲಿ ಉಮ್ಮನಿಗೆ ಹೇಳುತ್ತಾ ಹೋದೆವು. ವರ್ಮ್‌ಹೋಲ್ ಎಂಬ, ಆಕಾಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾಯುವ ಅಡ್ಡದಾರಿ ಎಂದರೇನು, ಗುರುತ್ವ ಕಾಲವನ್ನು ಏಕೆ ನಿಧಾನಗೊಳಿಸುತ್ತದೆ, ಮನುಷ್ಯರನ್ನು ಉಳಿಸುವ ಎರಡು ಯೋಜನೆಗಳಲ್ಲಿ ಯಾವುದು ಸುಳ್ಳು, ಎಲ್ಲವನ್ನೂ ಪಾತ್ರಗಳೇ ಬಾಯಲ್ಲಿ ಹೇಳುತ್ತವೆ. ಹಾಗಾಗಿ ಎಲ್ಲವನ್ನೂ ನಾವು ಮತ್ತೆ ಹೇಳಬೇಕಾಯಿತು. ನಮ್ಮ ಮಾತಿನ ಗದ್ದಲದಲ್ಲಿ ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಕಣ್ಣಿಗೆ ಇಷ್ಟು ಕೊಟ್ಟ ಸಿನಿಮಾ ಕಿವಿಯನ್ನೂ ತನಗೇ ಬೇಕೆನ್ನುವುದು ನನಗೆ ಅಂದು ಬಹಳ ನೋವು ತಂದಿತು. ಇಂಗ್ಲಿಷ್ ಬಲ್ಲವರಿಗೆ ಒಂದು ಸಿನಿಮಾ, ಬಾರದವರಿಗೆ ಅದರ ವರದಿ.

ಅಲೆಗಳ ಗ್ರಹ ಬಂದಾಗ ಅಕ್ಕನ ಮಗ ಎದ್ದು ನಿಂತ. ಅಲ್ಲಿಯ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಹಾಗಾದರೆ ಒಂದು ಸೆಕೆಂಡಿಗೆ ನಮ್ಮ ಸುಮಾರು 17 ಗಂಟೆ ಎಂದು ಲೆಕ್ಕ ಹೇಳಿದ. ಅವನ ದನಿಯಲ್ಲಿದ್ದ ಹುರುಪು ನನ್ನ ತರಗತಿಗಳಲ್ಲಿ ನಾನು ಬಯಸುವ ಹುರುಪು. ಅಮ್ಮನಿಗೆ ಲೆಕ್ಕ ಬೇಕಾಗಲಿಲ್ಲ. “ಇದು ರೇವತಿಯ ಅಪ್ಪನ ಕತೆ” ಎಂದರು. ಮಗಳಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ, ಒಂದು ಗಾನ ಮುಗಿಯುವವರೆಗೆ ಕಾದು ನಿಂತಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು ಎಂದು ಭಾಗವತ ಹೇಳುತ್ತದೆ. ಭಾಗವತದಲ್ಲಿ ಸಾಪೇಕ್ಷತಾ ಸಿದ್ಧಾಂತ ಇದೆ ಎಂದು ನಾನು ಹೇಳುವುದಿಲ್ಲ, ಮಕ್ಕಳಿಗೂ ಹಾಗೆ ಕಲಿಸುವುದಿಲ್ಲ. ಆದರೆ ಅಮ್ಮನಿಗೆ ಆ ದುಃಖ ಮೊದಲೇ ಪರಿಚಯವಿತ್ತು.

ಕಪ್ಪುಕುಳಿಯ ವಿಷಯದಲ್ಲಿ ಹುಡುಗನ ಮಾತಿಗೆ ತೂಕವಿದೆ. ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳಿಂದಲೇ ಬೆಳಕು ಬಾಗುವ ಆ ಚಿತ್ರವನ್ನು ಕಟ್ಟಿದರು. ಐದು ವರ್ಷದ ಬಳಿಕ, 2019ರ ಏಪ್ರಿಲ್‌ನಲ್ಲಿ, ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನಿಜವಾದ ಚಿತ್ರ ಬಂದಾಗ ಅದರ ಉಂಗುರ ನೋಡಿ ಅವನು ನನಗೆ ಅದನ್ನು ತೋರಿಸಲು ಓಡಿ ಬಂದಿದ್ದ. ಆಗ ಚಿಕ್ಕ ಹುಡುಗ. ಉಂಗುರದ ಒಂದು ಬದಿ ಹೆಚ್ಚು ಬೆಳಗಬೇಕಿತ್ತು, ನೋಡುವವರಿಗೆ ಗೊಂದಲವಾದೀತೆಂದು ಸಿನಿಮಾದವರು ಅದನ್ನು ಬಿಟ್ಟರು ಎಂಬುದನ್ನೂ ಅವನೇ ಹೇಳಿದ. ಈ ಸಿನಿಮಾ ಒಬ್ಬ ಹುಡುಗನನ್ನು ಭೌತವಿಜ್ಞಾನಕ್ಕೆ ಎಳೆದು ತಂದಿದ್ದರೆ ನಾನು ಅದನ್ನು ಹಗುರವಾಗಿ ಕಾಣಲಾರೆ. ಆದರೂ ಪಂಚೆಯ ಮೇಲೆ ಆ ಕುಳಿ ಬೂದಿ ಬಣ್ಣದ ತಟ್ಟೆಯಾಗಿತ್ತು. ಕೊಯ್ಲಿನ ಅಣ್ಣ ಅಷ್ಟರಲ್ಲಿ ಬೀಡಿಗೆಂದು ಎದ್ದು ಹೋಗಿದ್ದರು.

ಅಂಗಳ ಒಂದಾದದ್ದು ಒಂದೇ ದೃಶ್ಯದಲ್ಲಿ. ಆ ಅಲೆಗಳ ಗ್ರಹದಿಂದ ನೌಕೆಗೆ ಹಿಂದಿರುಗಿದ ಗಗನಯಾತ್ರಿ, ಭೂಮಿಯಲ್ಲಿ ಮಕ್ಕಳನ್ನು ಬಿಟ್ಟು ಬಂದ ಅಪ್ಪ, ಇಪ್ಪತ್ತಮೂರು ವರ್ಷಗಳ ಸಂದೇಶಗಳನ್ನು ಒಟ್ಟಿಗೆ ನೋಡುತ್ತಾನೆ. ಮಕ್ಕಳು ಪರದೆಯಲ್ಲಿ ಬೆಳೆದು ದೊಡ್ಡವರಾಗುತ್ತಾರೆ. ಅವನ ಉತ್ತರ ಅವರಿಗೆ ತಲುಪುವುದಿಲ್ಲ. ದೊಡ್ಡ ಹುಡುಗಿ ಮಲಯಾಳದಲ್ಲಿ ಹೇಳಲು ಆರಂಭಿಸುವ ಮೊದಲೇ ಉಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಿದ್ದರು. ಅವರ ಗಂಡ ಹದಿನಾಲ್ಕು ವರ್ಷ ಕೊಲ್ಲಿ ನಾಡಿನಲ್ಲಿದ್ದರು. ಆಗ ಕಾಗದದ ಜೊತೆಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುವ ಕ್ರಮವಿತ್ತು. ಮಕ್ಕಳ ದನಿ ತುಂಬಿಸಿ ಇಲ್ಲಿಂದ ಕಳಿಸುವುದು, ಅದು ಅಲ್ಲಿ ತಲುಪುವಷ್ಟರಲ್ಲಿ ಮಗುವಿನ ತೊದಲು ನಿಂತಿರುವುದು. ಉಮ್ಮ ಇದನ್ನು ಅಂದೇ ಹೇಳಲಿಲ್ಲ. ಎರಡು ದಿನ ಕಳೆದು ಮೊಸರಿಗೆ ಬಂದಾಗ ಅಮ್ಮನ ಬಳಿ ಹೇಳಿದರು.

ಹಾಗಾಗಿ ನನ್ನ ಮತ ಹೀಗೆ: ಊರಿನ ಅಂಗಳದಲ್ಲಿ, ಬಟ್ಟೆಯ ಪರದೆಯಲ್ಲಿ, ಹಲವು ಭಾಷೆಯವರು ಒಟ್ಟಿಗೆ ಕೂರುವುದಾದರೆ ‘2001’ ಹಾಕಿ. ಅದನ್ನು ಎಲ್ಲರೂ ಮೆಚ್ಚಿದರೆಂದಲ್ಲ. ದೊಡ್ಡಪ್ಪನಿಗೆ ಸಿಟ್ಟು ಬಂತು, ಅಮ್ಮನಿಗೆ ತಲೆನೋವು ಬಂತು, ಮಕ್ಕಳಿಗೆ ನಿದ್ದೆ ಬಂತು. ಆದರೆ ಅದು ಅವರವರದೇ ಸಿಟ್ಟು, ಅವರವರದೇ ನಿದ್ದೆ. ನಡುವೆ ಯಾರೂ ದುಭಾಷಿಯಾಗಿ ನಿಲ್ಲಬೇಕಾಗಲಿಲ್ಲ. ‘ಇಂಟರ್‌ಸ್ಟೆಲ್ಲರ್’ ನೋಡಬೇಕಾದರೆ, ಅದು ಮತ್ತೆ ತೆರೆಗೆ ಬಂದಾಗ ಮಂಗಳೂರಿಗೆ ಬಸ್ ಹತ್ತಿ, ಕತ್ತಲೆಯ ಚಿತ್ರಮಂದಿರದಲ್ಲಿ ನೋಡಿ. ಅಂಗಳದಲ್ಲೇ ಹಾಕುವುದಿದ್ದರೆ ಕತೆಯನ್ನು ಮೊದಲೇ ಎಲ್ಲರಿಗೂ ಅವರ ಮಾತಿನಲ್ಲಿ ಹೇಳಿ, ಆಮೇಲೆ ಸುಮ್ಮನೆ ಕೂತುಬಿಡಿ. ತಾಳಮದ್ದಳೆಗೆ ಬರುವವರಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದಲ್ಲವೇ? ಇದು ದೊಡ್ಡಪ್ಪ ಕೊಟ್ಟ ಸಲಹೆ, ನನಗೆ ತಡವಾಗಿ ಹೊಳೆಯಿತು.

ಅಕ್ಕನ ಮಗ ಸೋಲೊಪ್ಪಿಲ್ಲ. ಪಂಚೆಯ ತಪ್ಪಿಗೆ ಸಿನಿಮಾವನ್ನು ದೂರಬಾರದು ಎನ್ನುತ್ತಾನೆ. ಸದ್ಯ ಅವನು ಅಟ್ಟದಲ್ಲಿದ್ದ ನಮ್ಮ ಹಳೆಯ ಟೇಪ್ ರೆಕಾರ್ಡರನ್ನು ಬಿಚ್ಚಿ ಕೂತಿದ್ದಾನೆ. ಅದರ ಬೆಲ್ಟ್ ಹರಿದಿದೆ, ಕಾಸರಗೋಡಿನ ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ. ಉಮ್ಮ ತಂದುಕೊಟ್ಟ ಎರಡು ಕ್ಯಾಸೆಟ್ಟುಗಳು ಮೇಜಿನ ಮೇಲೆ ಕಾಯುತ್ತಿವೆ.