ಲಕ್ಸೆಂಬರ್ಗ್‌ನ ಉಚಿತ ಸಾರಿಗೆ: ಜೇಬಿಗೆ ಹಗುರ, ಹೊಗೆಗೆ ಅರ್ಧ ಮದ್ದು

2020ರ ಫೆಬ್ರವರಿ 29ರಿಂದ ಲಕ್ಸೆಂಬರ್ಗ್‌ನಲ್ಲಿ ಬಸ್ಸು, ಟ್ರಾಮು, ರೈಲು ಯಾವುದಕ್ಕೂ ಟಿಕೆಟ್ ಇಲ್ಲ. ನಾಗರಿಕರು, ಪ್ರವಾಸಿಗರು ಎಂಬ ಭೇದವೂ ಇಲ್ಲ, ಹತ್ತಿ ಕೂತರಾಯಿತು. ದುಡ್ಡು ಬೇಕಾಗುವುದು ಎರಡೇ ಕಡೆ: ರೈಲಿನ ಮೊದಲ ದರ್ಜೆಗೆ ಮತ್ತು ಗಡಿಯಾಚೆಯ ದಾರಿಗೆ. ಹೊಸಬರು ಎಡವುವುದು ಈ ಎರಡನೆಯದರಲ್ಲಿ. ಜರ್ಮನಿಯ ಟ್ರಿಯರ್‌ಗೆ ಹೋಗುವ ರೈಲು ವಾಸರ್‌ಬಿಲ್ಲಿಗ್‌ವರೆಗೆ ಉಚಿತ, ಅಲ್ಲಿಂದಾಚೆಗೆ ಟಿಕೆಟ್ ಬೇಕು. ಫ್ರಾನ್ಸ್‌ನ ಟಿಯೋನ್‌ವಿಲ್ ಕಡೆಗೂ ಇದೇ ಲೆಕ್ಕ. ಗಡಿಯಾಚೆಯ ತುಂಡಿಗೆ ಹತ್ತುವ ಮೊದಲೇ ಟಿಕೆಟ್ ತೆಗೆದಿಟ್ಟುಕೊಳ್ಳಿ.

ಪೂರ್ತಿ ಅಂಕ ಕೊಡಬೇಕಾದದ್ದು ಟ್ರಾಮಿಗೆ. 2025ರ ಮಾರ್ಚ್‌ನಿಂದ ಅದು ಫಿಂಡೆಲ್ ವಿಮಾನ ನಿಲ್ದಾಣವನ್ನೂ ಮುಟ್ಟುತ್ತದೆ. ಹಳೆಯ ನಗರದ ನಡುವೆ ತಲೆಯ ಮೇಲೆ ತಂತಿಯೇ ಕಾಣುವುದಿಲ್ಲ. ನಿಲ್ದಾಣದಲ್ಲಿ ಜನ ಹತ್ತಿಳಿಯುವಷ್ಟರಲ್ಲಿ ಗಾಡಿ ಚಾರ್ಜ್ ಆಗಿ ಮುಂದಿನ ನಿಲ್ದಾಣಕ್ಕೆ ಹೊರಡುತ್ತದೆ. ಉತ್ತರದಿಂದ ರೈಲಿನಲ್ಲಿ ಬರುವವರು ಮುಖ್ಯ ನಿಲ್ದಾಣದವರೆಗೆ ಹೋಗಬೇಕಿಲ್ಲ. ಪ್ಫಾಫೆನ್‌ಟಾಲ್-ಕಿರ್ಚ್‌ಬರ್ಗ್‌ನಲ್ಲಿ ಇಳಿದು ಕೇಬಲ್ ರೈಲು ಹಿಡಿದರೆ ಕಣಿವೆಯಿಂದ ಮೇಲಿನ ಟ್ರಾಮ್ ನಿಲ್ದಾಣಕ್ಕೆ ಒಂದು ನಿಮಿಷದ ಆಸುಪಾಸು ಸಾಕು. ಅದೂ ಪುಕ್ಕಟೆ.

ರೈಲಿಗೆ ಮಾತ್ರ ಅಷ್ಟು ಅಂಕ ಕೊಡಲಾಗದು. ದಕ್ಷಿಣದ ಬೆಟೆಂಬೂರ್ ಮಾರ್ಗದಲ್ಲಿ ಬೆಳಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಬೇಸಿಗೆ ರಜೆಯಲ್ಲಿ ಹಳಿ ಕಾಮಗಾರಿಗೆಂದು ಮಾರ್ಗಗಳನ್ನು ಮುಚ್ಚಿ ಬದಲಿ ಬಸ್ಸು ಬಿಡುತ್ತಾರೆ, ಆಗ ಸಮಯದ ಲೆಕ್ಕವೆಲ್ಲ ತಲೆಕೆಳಗು. ಹೊರಡುವ ಮುನ್ನ ಮೊಬಿಲಿಟೇಟ್ ಆ್ಯಪ್ ನೋಡದೆ ಹೋಗಬೇಡಿ.

ಇನ್ನು ಗಾಳಿಯ ವಿಚಾರ. ಟಿಕೆಟ್ ತೆಗೆದುಹಾಕಿದರೆ ಕಾರು ತಾನಾಗಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇಲ್ಲಿ ಅಷ್ಟಾಗಿ ಕೆಲಸ ಮಾಡಿಲ್ಲ. ಕಾರಣ ಸರಳ: ಎರಡು ಗಂಟೆಯ ಟಿಕೆಟ್ಟಿಗೆ ಮೊದಲೂ ಇದ್ದದ್ದು 2 ಯೂರೋ ಅಷ್ಟೇ, ಟಿಕೆಟ್ ಆದಾಯ ಖರ್ಚಿನ ಹತ್ತನೇ ಒಂದು ಭಾಗಕ್ಕೂ ಸಾಲುತ್ತಿರಲಿಲ್ಲ. ಕಂಪನಿಯೇ ಕೊಟ್ಟ ಕಾರಿನಲ್ಲಿ ಓಡಾಡುವವನಿಗೆ 2 ಯೂರೋ ಉಳಿತಾಯ ಯಾವ ಲೆಕ್ಕ? ದಿನಾ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಬಂದು ದುಡಿಯುವವರೇ ಎರಡು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಬರುವುದು ಕಾರಿನಲ್ಲೇ. ಅವರ ಊರಿನಿಂದ ಗಡಿಯವರೆಗಿನ ದಾರಿ ಉಚಿತವೂ ಅಲ್ಲ, ಸುಲಭವೂ ಅಲ್ಲ.

ದೊಡ್ಡ ಕಗ್ಗಂಟು ಇರುವುದು ಪೆಟ್ರೋಲ್ ಬಂಕಿನಲ್ಲಿ. ತೆರಿಗೆ ಕಡಿಮೆಯಿದ್ದದ್ದರಿಂದ ನೆರೆದೇಶದವರೂ ದಾರಿಹೋಕ ಲಾರಿಗಳೂ ಇಲ್ಲೇ ಟ್ಯಾಂಕ್ ತುಂಬಿಸುತ್ತಾ ಬಂದರು. ಎಲ್ಲಿ ಸುಟ್ಟರೂ ಆ ಇಂಧನದ ಹೊಗೆ ಅದನ್ನು ಮಾರಿದ ದೇಶದ ಲೆಕ್ಕಕ್ಕೇ ಸೇರುತ್ತದೆ. ತಲಾವಾರು ಇಂಗಾಲದಲ್ಲಿ ಲಕ್ಸೆಂಬರ್ಗ್ ಐರೋಪ್ಯ ಒಕ್ಕೂಟದ ಮೇಲ್ಸಾಲಿನಲ್ಲಿರಲು ಇದು ಮುಖ್ಯ ಕಾರಣ. 2021ರಲ್ಲಿ ಟನ್ ಇಂಗಾಲದ ಡೈಆಕ್ಸೈಡಿಗೆ 20 ಯೂರೋದಿಂದ ಶುರುವಾಗಿ ವರ್ಷಕ್ಕೆ 5ರಂತೆ ಏರಿದ ಇಂಗಾಲ ತೆರಿಗೆ ಈ ಕಗ್ಗಂಟಿಗೇ ಕೈ ಹಾಕುತ್ತದೆ, ಉಚಿತ ಟಿಕೆಟ್ ಅಲ್ಲ. ವಾಹನದ ಹೊಗೆಯಿಂದ ನಗರದ ಬೀದಿಗೆ ಸೇರುವ ನೈಟ್ರೋಜನ್ ಡೈಆಕ್ಸೈಡ್ ಅನಿಲಕ್ಕೂ ಗಡುವು ಹತ್ತಿರವಾಗುತ್ತಿದೆ: ಒಕ್ಕೂಟದ ವಾರ್ಷಿಕ ಮಿತಿ 2030ಕ್ಕೆ ಘನ ಮೀಟರಿಗೆ 40 ಮೈಕ್ರೋಗ್ರಾಂನಿಂದ 20ಕ್ಕೆ ಇಳಿಯಲಿದೆ.

ಪ್ರಯಾಣಿಕರ ಸೇವೆಯಾಗಿ ಐದಕ್ಕೆ ನಾಲ್ಕೂವರೆ, ಮಾಲಿನ್ಯಕ್ಕೆ ಮದ್ದಾಗಿ ಎರಡೂವರೆ.