ಕರಡು ತಿದ್ದುವವರಿಗೆ ಯಾವ ಟ್ಯಾಬ್?

ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಮೇಜಿನ ಮೇಲೆ ಎರಡು ಟ್ಯಾಬ್ ಇವೆ. ಒಂದು 2018ರ ಐಪ್ಯಾಡ್. ಇನ್ನೊಂದು 2020ರ ಗ್ಯಾಲಕ್ಸಿ ಟ್ಯಾಬ್ ಎ7. ಅದರಲ್ಲಿದ್ದ ಸ್ಯಾಮ್‌ಸಂಗ್ ಸಾಫ್ಟ್‌ವೇರ್ ತೆಗೆದು ಲಿನಿಯೇಜ್ ಓಎಸ್ ಹಾಕಿಕೊಂಡಿದ್ದೇನೆ. ಅದು ಆಂಡ್ರಾಯ್ಡ್‌ನದೇ ಒಂದು ರೂಪ, ಕಂಪನಿಯದ್ದಲ್ಲ, ಆಸಕ್ತರು ಸೇರಿ ಮಾಡಿದ್ದು.

ಗುರುತು ಹಾಕುವುದಕ್ಕೆ ಐಪ್ಯಾಡೇ ಸರಿ. ಆಪಲ್ ಪೆನ್ಸಿಲ್ ಇದ್ದರೆ ಪಿಡಿಎಫ್‌ನಲ್ಲಿ ಒತ್ತಕ್ಷರದ ಕೆಳಗಿನ ಇಷ್ಟೇ ಇಷ್ಟು ಜಾಗದಲ್ಲೂ ಬರೆಯಬಹುದು. ಎ7ಗೆ ಅಂಥ ಪೆನ್ ಇಲ್ಲ. ರಬ್ಬರ್ ತುದಿಯ ಕಡ್ಡಿಯಲ್ಲಿ ದೀರ್ಘ ತಿದ್ದಲು ಹೋದರೆ ಅಕ್ಷರವೇ ಮುಚ್ಚಿಹೋಗುತ್ತದೆ.

ತಾಪತ್ರಯ ಶುರುವಾಗುವುದು ಯಾರಾದರೂ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟಿನ ಫೈಲ್ ಕಳಿಸಿದಾಗ. ಎಲ್ಲ ಕಡೆ ಒಂದೇ ಥರ ಕಾಣುವ ಯೂನಿಕೋಡ್ ಅಲ್ಲವಲ್ಲ, ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಎ7ನಲ್ಲಿ ಎಫ್-ಡ್ರಾಯ್ಡ್ ಎಂಬ ಆಪ್ ಅಂಗಡಿಯಿಂದ ಟರ್ಮಕ್ಸ್ ಹಾಕಿದ್ದೇನೆ, ಕಂಪ್ಯೂಟರಿನಂತೆ ಕಮಾಂಡ್ ಕೊಟ್ಟು ಕೆಲಸ ಮಾಡಿಸುವ ಆಪ್ ಅದು. ಪೈಥಾನ್ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಪ್ರೋಗ್ರಾಂ ಇಡೀ ಫೋಲ್ಡರನ್ನು ಯೂನಿಕೋಡ್ ಮಾಡಿಕೊಡುತ್ತದೆ. ಅರ್ಕಾವತ್ತು ಆಗಾಗ ಕೈಕೊಡುತ್ತದೆ, ಅದನ್ನು ನಾನೇ ನೋಡಿಕೊಳ್ಳಬೇಕು. ಐಪ್ಯಾಡಿಗೂ ಪೈಥಾನ್ ಆಪ್‌ಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಫೈಲುಗಳನ್ನು ಒಂದು ಆಪ್‌ನಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲೇ ಸಾಕಾಗುತ್ತದೆ. ಮೆಮೊರಿ ಕಾರ್ಡ್ ಹಾಕಲು ಜಾಗವೂ ಇಲ್ಲ. ನಾನೇ ಆಪ್ ಮಾಡಿ ಹಾಕಿಕೊಂಡರೂ, ಆಪಲ್‌ನ ಉಚಿತ ಖಾತೆಯಲ್ಲಿ ಅದು 7 ದಿನಕ್ಕೆ ನಿಂತುಹೋಗುತ್ತದೆ. ದುಡ್ಡು ಕೊಟ್ಟು ಕೊಂಡ ಟ್ಯಾಬ್, ನಾನೇ ಬರೆದ ಆಪ್, ಆದರೂ ವಾರವಾರ ಅಪ್ಪಣೆ ಕೇಳಬೇಕು!

ಅಪ್‌ಡೇಟ್ ವಿಷಯದಲ್ಲಿ ಆಪಲ್ ಮೋಸ ಮಾಡಲಿಲ್ಲ. ಈ ಐಪ್ಯಾಡಿಗೆ ಐಪ್ಯಾಡ್‌ಓಎಸ್ 17ರವರೆಗೂ ಕೊಟ್ಟಿತು. ಸ್ಯಾಮ್‌ಸಂಗ್ ಎ7 ಅನ್ನು ಆಂಡ್ರಾಯ್ಡ್ 12ಕ್ಕೇ ಬಿಟ್ಟಿತು. ವ್ಯತ್ಯಾಸ ಆಮೇಲಿನದು. ಕಂಪನಿ ಕೈಬಿಟ್ಟ ಎ7ಗೆ ಲಿನಿಯೇಜ್ ಎಂಬ ಬೇರೆ ದಾರಿ ಇತ್ತು, ಐಪ್ಯಾಡಿಗಿಲ್ಲ.

ಆ ದಾರಿಯೇನೂ ಪುಕ್ಕಟೆಯಲ್ಲ. ಲಿನಿಯೇಜ್ ಹಾಕಲು ಮೊದಲು ಬೂಟ್‌ಲೋಡರ್, ಅಂದರೆ ಟ್ಯಾಬ್ ಆನ್ ಮಾಡಿದಾಗ ಓಎಸ್ ಶುರುಮಾಡುವ ಭಾಗ, ಅನ್‌ಲಾಕ್ ಮಾಡಬೇಕು. ಆಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಬ್ಯಾಂಕಿನ ಆಪ್ ಅದರಲ್ಲಿ ತೆರೆಯುವುದೇ ಇಲ್ಲ. ಹಣದ ವ್ಯವಹಾರ ಫೋನಿನಲ್ಲೇ. 3 ಜಿಬಿ ರ‍್ಯಾಮ್ ಆದ್ದರಿಂದ ದೊಡ್ಡ ಪಿಡಿಎಫ್ ತೆರೆದರೆ ತಡವರಿಸುತ್ತದೆ.

ಬರೀ ಓದಲು, ಗುರುತು ಹಾಕಲು ಬೇಕಿದ್ದರೆ ಐಪ್ಯಾಡ್ ಕೊಳ್ಳಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಫೈಲುಗಳ ಜೊತೆ ಗುದ್ದಾಡುವವರಿಗೆ ಎ7ನಂಥದ್ದೇ ವಾಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ಲಿನಿಯೇಜ್ ಹಾಕಬಹುದಾದ ಸಾಧನಗಳ ಪಟ್ಟಿಯಲ್ಲಿ ಮಾಡೆಲ್ ನಂಬರ್ ನೋಡಿ. ವೈಫೈ ಮಾಡೆಲ್ಲೇ ಬೇರೆ, ಸಿಮ್ ಹಾಕುವ ಮಾಡೆಲ್ಲೇ ಬೇರೆ. ಒಂದರ ಲಿನಿಯೇಜ್ ಫೈಲನ್ನು ಇನ್ನೊಂದಕ್ಕೆ ಹಾಕಬೇಡಿ.