ಆಪರೇಷನ್ ಉದ್ದಕ್ಕೂ ನನ್ನ ಹೆಬ್ಬೆರಳನ್ನು ಕಾದವರು

ಬಟ್ಟೆ ಹೊಲಿಯುವಾಗ ಬಲಗೈಗಿಂತ ಎಡಗೈಗೆ ಕೆಲಸ ಜಾಸ್ತಿ. ಸೂಜಿಯ ಕೆಳಗೆ ಬಟ್ಟೆ ಎಷ್ಟು ಸರಿಯಬೇಕು, ಎಲ್ಲಿ ತಿರುಗಬೇಕು ಅನ್ನೋದನ್ನು ನೋಡಿಕೊಳ್ಳುವುದು ಎಡಗೈ ಹೆಬ್ಬೆರಳೇ. ಹದಿನೆಂಟು ವರ್ಷದಿಂದ ನನ್ನ ಕೆಲಸ ಇದು. ಒಂದು ಮಧ್ಯಾಹ್ನ ಆ ಹೆಬ್ಬೆರಳು ತಾನಾಗಿಯೇ ಜಿಗಿಯತೊಡಗಿತು. ಹಿಡಿದುಕೊಂಡರೂ ನಿಲ್ಲಲಿಲ್ಲ. ಮಣಿಕಟ್ಟಿನವರೆಗೂ ಹರಡಿ, ಆಮೇಲೆ ಸುಮ್ಮನಾಯಿತು. ನನಗೆ ಪೂರ್ತಿ ಎಚ್ಚರವಿತ್ತು. ಅದೂ ಒಂದು ಬಗೆಯ ಫಿಟ್ಸ್ ಅಂತ ಗೊತ್ತಾದದ್ದು ಡಾಕ್ಟರ್ ಹೇಳಿದ ಮೇಲೆ. ಎಂಆರ್‌ಐ ಮಾಡಿಸಿದಾಗ ಮೆದುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಹಣೆಯ ಕಡೆಯಿಂದ ಬೆಳೆದು, ಕೈಕಾಲು ಆಡಿಸುವ ಪಟ್ಟಿಯ ಅಂಚಿಗೆ ಬಂದು ನಿಂತಿತ್ತು.

ಗಡ್ಡೆ ತೆಗೆಯುವಾಗ ಕೈಕಾಲಿನ ಶಕ್ತಿ ಉಳಿದಿದೆಯಾ ಅಂತ ಕೊನೆಯವರೆಗೂ ನೋಡುತ್ತಿರುವ ಒಂದು ಸೇವೆ ಇದೆ. ಆಸ್ಪತ್ರೆಯಲ್ಲಿ ಅದಕ್ಕೆ ನ್ಯೂರೋ ಮಾನಿಟರಿಂಗ್ ಅಂತಾರೆ. ನನ್ನ ಹಾಗೆ ರಿಪೋರ್ಟ್ ಹಿಡಿದು ರಾತ್ರಿಯೆಲ್ಲ ಕೂತಿರುವವರಿಗೆ ಅದರ ಬಗ್ಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೋದ ಆಸ್ಪತ್ರೆಯಲ್ಲಿ ನಾನು ಕೇಳಿದಾಗ "ಮೆಷಿನ್ ಇದೆ" ಅಂದರು. ಅದರ ಮುಂದೆ ಯಾರು ಕೂರುತ್ತಾರೆ ಅಂತ ಕೇಳಿದೆ. ಯಾರಿಗೂ ಹೇಳೋಕೆ ಆಗಲಿಲ್ಲ. ನಾನು ಅಲ್ಲಿಂದ ಎದ್ದು ಬಂದೆ. ಇವತ್ತಿಗೂ ಅದು ಸರಿಯಾದ ನಿರ್ಧಾರ ಅಂತಲೇ ಅನಿಸುತ್ತದೆ.

ಎರಡನೇ ಕಡೆ ಸರ್ಜನ್ ಒಂದು ಹಾಳೆ ತೆಗೆದುಕೊಂಡು ಮೆದುಳಿನ ಚಿತ್ರ ಬರೆದರು. ಎಡಗೈಯನ್ನು ಆಡಿಸುವುದು ಬಲ ಮೆದುಳು. ಆ ಪಟ್ಟಿಯಲ್ಲಿ ಇಡೀ ಬೆನ್ನಿಗೆ ಸಿಕ್ಕಿರುವ ಜಾಗ ಚಿಕ್ಕದು, ಬೆರಳುಗಳಿಗೆ ಮತ್ತು ಮುಖಕ್ಕೆ ಸಿಕ್ಕಿರುವುದು ದೊಡ್ಡದು. ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ ಅನ್ನುವವರು, ಎಚ್ಚರವಿದ್ದ ರೋಗಿಗಳ ಮೆದುಳನ್ನು ಸಣ್ಣ ಕರೆಂಟ್‌ನಿಂದ ಮುಟ್ಟಿ ನೋಡಿ 1937ರಲ್ಲೇ ಇದನ್ನು ಬರೆದಿಟ್ಟಿದ್ದಾರಂತೆ. "ಹಾಗಿದ್ದರೆ ಸ್ಕ್ಯಾನ್ ನೋಡಿಕೊಂಡೇ ಆಪರೇಷನ್ ಮಾಡಬಹುದಲ್ವಾ?" ಅಂದೆ. ಸಾಲದು ಅಂದರು. ಆ ಜಾಗ ಒಬ್ಬೊಬ್ಬರಲ್ಲಿ ಸ್ವಲ್ಪ ಬೇರೆ ಇರುತ್ತದೆ, ಗಡ್ಡೆ ಅದನ್ನು ಪಕ್ಕಕ್ಕೂ ತಳ್ಳಿರುತ್ತದೆ. ಅದೂ ಅಲ್ಲದೆ ತಲೆಬುರುಡೆ ತೆರೆದು ಒಳಗಿನ ನೀರು ಹೊರಗೆ ಬಂದ ಮೇಲೆ ಮೆದುಳು ಸ್ವಲ್ಪ ಕುಸಿಯುತ್ತದೆ. ಹಿಂದಿನ ದಿನದ ಸ್ಕ್ಯಾನ್ ಅಷ್ಟರ ಮಟ್ಟಿಗೆ ಹಳೆಯದಾಗಿಬಿಡುತ್ತದೆ.

ಹಾಗಾಗಿ ಕೈಯನ್ನೇ ಕೇಳಬೇಕು. ರೋಗಿ ನಿದ್ದೆಯಲ್ಲಿದ್ದರೂ ಕೇಳಬಹುದು, ನನಗೆ ತುಂಬಾ ಹಿಡಿಸಿದ್ದು ಇದೇ. ಚಲನೆಯ ಪಟ್ಟಿಯ ಮೇಲೆ ತೆಳುವಾದ ಎಲೆಕ್ಟ್ರೋಡ್ ಪಟ್ಟಿ ಇಡುತ್ತಾರೆ. ಬೆನ್ನುಬೆನ್ನಿಗೆ ಐದು ಸಣ್ಣ ಕರೆಂಟ್ ಪಲ್ಸ್ ಕೊಡುತ್ತಾರೆ. ಆ ಸಂದೇಶ ಬೆನ್ನುಹುರಿ ಇಳಿದು ಹೆಬ್ಬೆರಳ ಬುಡದ ಸ್ನಾಯುವಿಗೆ ಬರುತ್ತದೆ. ಅಲ್ಲಿ ಚುಚ್ಚಿರುವ ಕೂದಲಿನಂಥ ಸೂಜಿ ಅದನ್ನು ಹಿಡಿಯುತ್ತದೆ, ಪರದೆ ಮೇಲೆ ಒಂದು ಅಲೆ ಏಳುತ್ತದೆ. ಅದಕ್ಕೆ ಎಂಇಪಿ ಅಂತ ಹೆಸರು. ಹೀಗೆ ಒಟ್ಟೊಟ್ಟಿಗೆ ಪಲ್ಸ್ ಕೊಟ್ಟರೆ ನಿದ್ದೆಯಲ್ಲೂ ಅಲೆ ಸಿಗುತ್ತದೆ ಅಂತ ತೋರಿಸಿದ್ದು 1993ರಲ್ಲಿ.

ಹಿಂದಿನ ಸಂಜೆ ಮಾನಿಟರಿಂಗ್ ಮಾಡುವವರು ವಾರ್ಡಿಗೆ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡೂ ಕೈಯಿಂದ ತಮ್ಮ ಬೆರಳು ಹಿಸುಕಿಸಿದರು, ಪಾದ ಮೇಲೆತ್ತಿಸಿದರು, ಹಲ್ಲು ಕಾಣುವಂತೆ ನಗಿಸಿದರು. ಪೇಸ್‌ಮೇಕರ್ ಇದೆಯಾ, ಫಿಟ್ಸ್ ಮಾತ್ರೆ ತಪ್ಪಿಸಿದ್ದೀರಾ ಅಂತ ವಿಚಾರಿಸಿದರು. ನನ್ನ ಕೆಲಸ ಏನು ಅಂತ ಕೇಳಿದ್ದು ಇವರೊಬ್ಬರೇ. ಹೇಳಿದೆ. "ಹಾಗಿದ್ದರೆ ಎಡಗೈಗೆ ಇನ್ನೊಂದು ಸೂಜಿ ಹಾಕ್ತೀನಿ, ಕಿರುಬೆರಳ ಕಡೆಗೂ ಒಂದು" ಅಂದರು. ಆ ರಾತ್ರಿ ನಾನು ಸ್ವಲ್ಪವಾದರೂ ನಿದ್ದೆ ಮಾಡಿದ್ದು ಆ ಒಂದು ಮಾತಿನಿಂದ.

ಅರಿವಳಿಕೆ ಡಾಕ್ಟರ ಕೆಲಸವೂ ಇದರಿಂದ ಬದಲಾಗುತ್ತದೆ. ಗ್ಯಾಸ್ ಕೊಟ್ಟರೆ ಅಲೆ ಮಂಕಾಗುತ್ತದೆ, ಅದಕ್ಕೇ ಪ್ರೊಪೊಫಾಲ್ ಔಷಧಿಯನ್ನು ರಕ್ತನಾಳದ ಮೂಲಕವೇ ಬಿಡುತ್ತಿದ್ದರು. ಸ್ನಾಯು ಸಡಿಲಿಸುವ ಮದ್ದು ಗಂಟಲಿಗೆ ನಳಿಗೆ ಹಾಕುವಾಗ ಮಾತ್ರ. ಆಮೇಲೂ ಅದನ್ನು ಕೊಡುತ್ತಿದ್ದರೆ ಕೈ ಉತ್ತರವನ್ನೇ ಕೊಡುವುದಿಲ್ಲ. ಕರೆಂಟ್ ಕೊಟ್ಟಾಗ ಫಿಟ್ಸ್ ಬಂದರೆ ಮೆದುಳಿನ ಮೇಲೆ ಸುರಿಯಲು ಐಸಿನಲ್ಲಿಟ್ಟ ದ್ರವ ಪಕ್ಕದಲ್ಲೇ ಸಿದ್ಧವಿತ್ತಂತೆ. ನನಗೆ ಅದು ಬೇಕಾಗಲಿಲ್ಲ.

ಆಪರೇಷನ್ ದಿನ ಏನಾಯಿತು ಅನ್ನೋದು ನನಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ, ಅದೇ ಹೆಣ್ಣುಮಗಳು ಪ್ರಿಂಟ್ ಮಾಡಿದ ಹಾಳೆ ತಂದು ತೋರಿಸಿದಾಗ. ಶುರುವಿನಲ್ಲಿ ಹೆಬ್ಬೆರಳ ಅಲೆ ಎತ್ತರವಾಗಿ, ಚೆನ್ನಾಗಿ ಇತ್ತು. ಮಧ್ಯಾಹ್ನ 1.40ಕ್ಕೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅರ್ಧಕ್ಕಿಂತ ಕಡಿಮೆಯಾದರೆ ಅದು ಎಚ್ಚರಿಕೆ. ಅವರು ಮೊದಲು ಎಲೆಕ್ಟ್ರೋಡ್ ಜಾರಿದೆಯಾ ಅಂತ ನೋಡಿದ್ದಾರೆ. ಜಾರಿರಲಿಲ್ಲ. ಅರಿವಳಿಕೆ ಜಾಸ್ತಿಯಾಗಿದ್ದರೆ ಬಲಗೈ ಅಲೆಯೂ ಕುಗ್ಗಬೇಕಿತ್ತು. ತಲೆಯ ಮೇಲಿಂದ ಕರೆಂಟ್ ಕೊಟ್ಟು ಪರೀಕ್ಷಿಸಿದರೆ ಬಲಗೈ ಸರಿಯಾಗೇ ಇತ್ತು. ಆಗ "ನಿಲ್ಲಿಸಿ, ಎಡಗೈ ಬೀಳ್ತಿದೆ" ಅಂದಿದ್ದಾರೆ. ಸರ್ಜನ್ ಕೈ ಹಿಂದೆ ತೆಗೆದಿದ್ದಾರೆ. ಆ ಜಾಗಕ್ಕೆ ಬೆಚ್ಚಗಿನ ಸಲೈನ್ ಬಿಟ್ಟು, ಬಿಪಿ ಸ್ವಲ್ಪ ಏರಿಸಿ, ಎಲ್ಲರೂ ಸುಮ್ನೆ ಕಾದಿದ್ದಾರೆ. ಇಪ್ಪತ್ತೆರಡು ನಿಮಿಷ. ಹಾಳೆಯ ಮೇಲೆ ಆ ಅಲೆಗಳು ಒಂದರ ಕೆಳಗೊಂದು ಇವೆ. ಚಿಕ್ಕದು, ಚಿಕ್ಕದು, ಚಿಕ್ಕದು, ಆಮೇಲೆ ಮೆಲ್ಲಗೆ ದೊಡ್ಡದಾಗುತ್ತಾ ಬರುತ್ತದೆ. ಅದನ್ನು ನೋಡಿ ನನಗೆ ಅಳು ಬಂತು.

ಆಮೇಲೆ ಗಡ್ಡೆಯ ತಳದಲ್ಲಿ ಇನ್ನೊಂದು ಪರೀಕ್ಷೆ ಮಾಡಿದ್ದಾರೆ. ಕರೆಂಟ್ ಕೊಡುವ ಕಡ್ಡಿಯಿಂದ ಆಳದಲ್ಲಿ ಮುಟ್ಟಿ, ಎಷ್ಟು ಕರೆಂಟ್‌ಗೆ ಕೈ ಉತ್ತರ ಕೊಡುತ್ತದೆ ಅಂತ ನೋಡುವುದು. ಒಂದು ಮಿಲಿಆಂಪ್ ಅಂದರೆ ನರದ ಎಳೆಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದೂರ. ಇದು ಅಂದಾಜಿನ ಲೆಕ್ಕ. ನನ್ನದು ಐದಕ್ಕೆ ಉತ್ತರ ಕೊಟ್ಟಿತು. ಅಲ್ಲಿಗೆ ನಿಲ್ಲಿಸಿದರು. ಗಡ್ಡೆಯ ತೆಳುವಾದ ಒಂದು ಪದರ ಅಲ್ಲೇ ಉಳಿದಿದೆ. ಪೂರ್ತಿ ತೆಗೆಯಬೇಕಿತ್ತು ಅಂತ ನೆಂಟರು ಹೇಳುತ್ತಾರೆ. ಆ ಹಾಳೆ ನೋಡಿದ ನನಗೆ ಹಾಗೆ ಅನಿಸುವುದಿಲ್ಲ.

ಇನ್ನು ಸರಿಯಿಲ್ಲದ್ದು. ಒಪ್ಪಿಗೆ ಪತ್ರದಲ್ಲಿ ಈ ಸೇವೆಯ ಬಗ್ಗೆ ಇದ್ದದ್ದು ಒಂದೇ ಸಾಲು. ಕರೆಂಟ್ ಕೊಟ್ಟಾಗ ದವಡೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅದಕ್ಕೆ ಬಾಯಲ್ಲಿ ಮೆತ್ತನೆಯ ಉಂಡೆ ಇಡುತ್ತಾರೆ, ಹಾಗಿದ್ದೂ ನಾಲಿಗೆಗೆ ಗಾಯ ಆಗಬಹುದು. ಯಾರೂ ಇದನ್ನು ಹೇಳಿರಲಿಲ್ಲ. ಎಚ್ಚರವಾದಾಗ ನಾಲಿಗೆಯ ಒಂದು ಬದಿ ಊದಿತ್ತು, ನಾನು ಲಕ್ವ ಹೊಡೆದಿದೆ ಅಂದುಕೊಂಡೆ. ತೋಳು, ಅಂಗೈ, ಮೀನಖಂಡದ ಮೇಲೆ ಸೂಜಿ ಚುಚ್ಚಿದ ನೀಲಿ ಗುರುತುಗಳಿದ್ದವು. ಎರಡು ಮಾತು ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಎಚ್ಚರವಾದಾಗ ಎಡಗೈ ಅಲುಗಲಿಲ್ಲ. ನಮ್ಮನೆಯವರು ಕುಸಿದು ಕೂತರು. ಇಷ್ಟೆಲ್ಲ ಕಾದಿದ್ದು ಏನಕ್ಕೆ ಅಂತ ನನಗೂ ಅನಿಸಿತು. ಸರ್ಜನ್ ಬಂದು ಕೈ ಹಿಡಿದುಕೊಂಡು ಹೇಳಿದರು: "ಕೊನೆಯ ಅಲೆ ಚೆನ್ನಾಗಿತ್ತು. ದಾರಿ ಉಳಿದಿದೆ. ಕೆಲಸ ಶುರು ಮಾಡಿಸುವ ಜಾಗ ಮುಂದೆ ಇದೆ, ಅದಕ್ಕೆ ಪೆಟ್ಟಾಗಿದೆ. ವಾರಗಳು ಬೇಕು, ಕೆಲವರಿಗೆ ತಿಂಗಳುಗಳು." ಎಂಇಪಿ ಕಾಯುವುದು ಮೆದುಳಿನಿಂದ ಸ್ನಾಯುವಿಗೆ ಇಳಿಯುವ ದಾರಿಯನ್ನು. ಕೈ ಎತ್ತೋಣ ಅನ್ನುವ ತಯಾರಿ ಅದರಲ್ಲಿ ಕಾಣುವುದಿಲ್ಲ. ಇದನ್ನು ಆಪರೇಷನ್‌ಗೆ ಮೊದಲೇ, ಮನೆಯವರ ಎದುರಿಗೇ ಹೇಳಬೇಕು. ಹನ್ನೊಂದನೇ ದಿನ ಹೆಬ್ಬೆರಳು ಅಲುಗಿತು. ಮೂರು ತಿಂಗಳಿಗೆ ಹೊಲಿಗೆ ಮೆಷಿನ್ ಮುಂದೆ ಕೂತೆ. ಗುಂಡಿ ಹಚ್ಚುವುದು ಇನ್ನೂ ನಿಧಾನ.

ಈ ಸೇವೆ ನಿಜಕ್ಕೂ ಬೇಕಾ ಅಂತ ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗ್ಲಯೋಮಾ ಅನ್ನುವ ಗಡ್ಡೆಯ ಆಪರೇಷನ್‌ಗಳ ಮೇಲೆ ನಡೆದ 90 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. 8,091 ರೋಗಿಗಳು. ಹೀಗೆ ಕರೆಂಟ್‌ನಿಂದ ಮೆದುಳನ್ನು ಪರೀಕ್ಷಿಸುತ್ತಾ ಆಪರೇಷನ್ ಮಾಡಿದಾಗ, ಕೈಕಾಲು ಅಥವಾ ಮಾತಿನಂಥ ತೊಂದರೆ ತೀವ್ರವಾಗಿ ಉಳಿದುಹೋದದ್ದು ಶೇಕಡಾ 3.4 ಜನರಿಗೆ. ಪರೀಕ್ಷಿಸದೆ ಮಾಡಿದಾಗ 8.2.

ನೀವು ಸರ್ಜನ್ ಹತ್ತಿರ ಹೋದಾಗ ಕೇಳಿ: ಪರದೆಯ ಮುಂದೆ ಕೂರುವವರು ಯಾರು, ಅವರು ಹಿಂದಿನ ದಿನ ನನ್ನನ್ನು ನೋಡಲು ಬರುತ್ತಾರಾ, ಅವರು ನಿಲ್ಲಿಸಿ ಅಂದರೆ ನೀವು ನಿಲ್ಲಿಸುತ್ತೀರಾ? ಮೂರನೇ ಪ್ರಶ್ನೆಗೆ ನನ್ನ ಸರ್ಜನ್ ಯೋಚಿಸದೆ ಹೌದು ಅಂದಿದ್ದರು. ಮತ್ತೆ ಆ ಹಾಳೆಗಳ ಪ್ರತಿಯನ್ನು ಕೇಳಿ ಇಸಿದುಕೊಳ್ಳಿ. ನನ್ನ ಗಡ್ಡೆ ಮತ್ತೆ ಬೆಳೆಯಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು. ಆಗ ನೋಡುವವರಿಗೆ ಎಲ್ಲಿ, ಎಷ್ಟು ಕರೆಂಟ್‌ಗೆ ಈ ಹೆಬ್ಬೆರಳು ಉತ್ತರ ಕೊಟ್ಟಿತ್ತು ಅನ್ನೋದು ಸಿಗಲಿ ಅಂತ ಅವನ್ನು ಸ್ಕ್ಯಾನ್ ಫಿಲ್ಮ್‌ಗಳ ಜೊತೆಗೇ ಇಟ್ಟಿದ್ದೇನೆ.